ಅರ್ಧ ಒಳಲೆ

6-11-1944, ಸೋಮವಾರ

ಗೋಂದು ನೆನೆಹಾಕಿ ಡಿಸ್ಪೆನ್ಸರಿಯ ಶೀಸೆಗಳಿಗೆ ಹದಿನೆಂಟು ಚೀಟಿ ಬರೆದೆ. ಹತ್ತು ಚಳಿಜ್ವರದ ಮಿಕ್ಸ್ಚರಿಗೆ, ಎಂಟು ಮೀನೆಣ್ಣೆಗೆ. ಬಿಸಿಲಿಗೆ ಹರಡಿದ್ದೇನೆ.

ಮೀನೆಣ್ಣೆ ಚೀಟಿಯ ಮಾತು ನನ್ನದೇ. ಮೊದಲು ‘ದಿನಕ್ಕೆ ಒಂದು ಚಮಚ’ ಎಂದಿತ್ತು. ಬಂದ ಹೆಂಗಸರೆಲ್ಲ, “ಚಮಚ ಅಂದ್ರೆ ಎಷ್ಟಪ್ಪ, ಸೌಟೇ?” ಎಂದು ಕೇಳುತ್ತಿದ್ದರು. ಚಮಚ ಯಾರ ಮನೆಯಲ್ಲೂ ಇಲ್ಲ. ಕೂಸಿಗೆ ಹಾಲು, ಹರಳೆಣ್ಣೆ ಕುಡಿಸುವ ಒಳಲೆ ಎಲ್ಲರ ಮನೆಯಲ್ಲೂ ಇದೆ. ಅಕ್ಕನ ಒಳಲೆ ತಂದು ನೀರು ಹಾಕಿ ಅಳೆದೆ — ಎರಡು ಚಮಚ ಹಿಡಿಯಿತು. ಅಂದಿನಿಂದ ‘ದಿನಕ್ಕೆ ಅರ್ಧ ಒಳಲೆ.’ ಡಾಕ್ಟರ್ ಗಂಗಾಧರಪ್ಪನವರು ಓದಿ, “ಹೈಸ್ಕೂಲು ಬಿಟ್ಟು ಓಡಿಬಂದ ತಲೆ ಇದು, ಪರವಾಗಿಲ್ಲ” ಎಂದರು.

ಇವತ್ತು ಅವರೇ ಬೈದರು. ಕಲ್ಲೇಶಪ್ಪನವರ ತಾಯಿ ಮೊಮ್ಮಗನಿಗೆ ಎಣ್ಣೆ ಒಯ್ಯಲು ಬಂದಿದ್ದರು. ಮೂಸಿ ನೋಡಿ, “ಇದೇನಪ್ಪ ವಾಸನೆ?” ಎಂದರು. ಮೀನು ಎಂದೆ. ಶೀಸೆಯನ್ನು ಮೇಜಿನ ಮೇಲಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡು ಹೊರಟೇಹೋದರು.

“ಬಲದ ಎಣ್ಣೆ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

“ಕೇಳಿದರು, ಸಾರ್.”

“ಕೇಳಿದ್ದಕ್ಕೆಲ್ಲ ಹೇಳ್ತಾ ಹೋದ್ರೆ ಡಿಸ್ಪೆನ್ಸರಿ ಮುಚ್ಕೊಂಡು ನಾನೂ ನಿನ್ನ ಜೊತೆ ಚೀಟಿ ಅಂಟಿಸ್ಬೇಕು.”

ಹಳೇಬೀಡಿಗೆ, ಅಕ್ಕನ ಮನೆಗೆ ಬಂದು ಏಳು ತಿಂಗಳು. ಬಸ್ಸಿನ ಸದ್ದು ಕೇಳಿದರೆ ಈಗಲೂ ಕಾಲು ನಿಲ್ಲುವುದಿಲ್ಲ.

14-11-1944, ಮಂಗಳವಾರ, ಮಧ್ಯಾಹ್ನ 1

ಹೊಸ ಎಣ್ಣೆ ಬಂತು. ಯುದ್ಧ ಶುರುವಾಗಿ ವಿಲಾಯಿತಿ ಎಣ್ಣೆ ನಿಂತಮೇಲೆ ಇಷ್ಟು ದಿನ ಬರುತ್ತಿದ್ದುದು ತೆಳು ಎಣ್ಣೆ. ಇದು ಶಾರ್ಕ್ ಮೀನಿನ ಈಲಿ, ಅಂದರೆ ಯಕೃತ್ತಿನಿಂದ ತೆಗೆದದ್ದು. ಬಣ್ಣ ಜೇನಿನಂತೆ.

ಕಾಂಪೌಂಡರ್ ಹನುಮಂತಯ್ಯನವರು ಡಬ್ಬದ ಮೇಲಿನದನ್ನು ನನ್ನ ಕೈಲೇ ಓದಿಸಿದರು. “ಕೇಳಿಸ್ತೇನೋ ಮರಿಯ? ಹಳೇದರ ಇಪ್ಪತ್ತು ಪಟ್ಟು ಬಲ. ಕೂಸಿಗೆ ದಿನಕ್ಕೆ ಆರೇ ಹನಿ. ಹಳೇ ಚೀಟಿ ಹರಿದುಹಾಕು, ಬೇರೆ ಬರಿ.”

“ಬರೀತೀನಿ” ಎಂದೆ.

ಬರೆಯಲಿಲ್ಲ. ಎರಡು ಗಂಟೆಗೆ ಅರಸೀಕೆರೆ ಬಸ್ಸು. ನಾಳೆ ಅಲ್ಲಿ ರೈಲ್ವೆ ಷೆಡ್ಡಿಗೆ ಹುಡುಗರನ್ನು ತೆಗೆದುಕೊಳ್ಳುತ್ತಾರಂತೆ. ನಾಲ್ಕು ಶೀಸೆ ತುಂಬಿದ್ದಾಗಿತ್ತು. ಹಳೆಯ ಚೀಟಿ ಒಣಗಿ ಕೈಗೆ ಸಿಗುವಂತಿದ್ದವು. ಅಂಟಿಸಿದೆ. ಬಂದಮೇಲೆ ಬದಲಾಯಿಸಿದರಾಯಿತು.

18-11-1944, ಶನಿವಾರ

ಷೆಡ್ಡಿನಲ್ಲಿ ತೆಗೆದುಕೊಳ್ಳಲಿಲ್ಲ. ಓದು ಏಕೆ ಬಿಟ್ಟೆ ಎಂದು ಕೇಳಿದರು. ಬೇಸರವಾಯಿತು, ಬಿಟ್ಟೆ ಎಂದೆ. ನಕ್ಕು ಕಳಿಸಿದರು. ಬರುವಾಗ ಇದ್ದಿಲ ಗ್ಯಾಸಿನಲ್ಲಿ ಓಡುವ ಬಸ್ಸನ್ನು ಮೂರು ಕಡೆ ತಳ್ಳಿದೆವು.

ಬಂದು ನೋಡಿದರೆ ನಾಲ್ಕರಲ್ಲಿ ಎರಡೇ ಶೀಸೆ. ಅವುಗಳ ಚೀಟಿ ಕಿತ್ತು ‘ಆರು ಹನಿ’ ಎಂದು ಬರೆದು ಅಂಟಿಸಿದೆ. ಮಿಕ್ಕ ಎರಡು ಹೋಗಿದ್ದವು — ಒಂದು ಬಸ್ತಿಹಳ್ಳಿಯ ವಸಂತಮ್ಮನವರಿಗೆ, ಒಂದು ಹಗರೆಯ ಮಾದಮ್ಮನಿಗೆ. ಇಬ್ಬರಿಗೂ ಕಂಕುಳಲ್ಲಿ ಕೂಸು. ಬಾಯಲ್ಲಿ ಹೇಳಿ ಕೊಟ್ಟಿರಾ ಎಂದು ಹನುಮಂತಯ್ಯನವರನ್ನು ಕೇಳಿದೆ. “ಜ್ವರದವರೇ ಐವತ್ತು ಜನ ಕೂತಿದ್ರು ಕಣೋ. ಚೀಟೀಲಿರೋ ಹಾಗೆ ಕೊಡ್ರಮ್ಮ ಅಂದೆ.”

ಡಾಕ್ಟರನ್ನು ಸುಮ್ಮನೆ ಕೇಳುವವನಂತೆ ಕೇಳಿದೆ, ಈ ಎಣ್ಣೆ ಹೆಚ್ಚು ಕುಡಿದರೆ ಏನಾಗುತ್ತದೆ ಎಂದು.

“ವೈಟಮಿನ್ ಕಣಯ್ಯ, ವಿಷ ಅಲ್ಲ. ಮೈಗೆ ಬೇಕಾದಷ್ಟು ಹಿಡ್ಕೊಂಡು ಮಿಕ್ಕದ್ದು ಹೊರಗೆ ಹಾಕುತ್ತೆ. ಎಣ್ಣೆ ದಂಡ, ಅಷ್ಟೆ.”

ನನಗೆ ಬೇಕಾಗಿದ್ದ ಉತ್ತರ ಅದೇ. ಬಸ್ತಿಹಳ್ಳಿ ಇಲ್ಲಿಂದ ಕೂಗಳತೆ ದೂರ. ಹೋಗಲಿಲ್ಲ. ಮರೆತೆ ಎಂದು ಬರೆಯುವುದಿಲ್ಲ. ನೆನಪಿತ್ತು.

11-12-1944, ಸೋಮವಾರ

ವಸಂತಮ್ಮನವರು ಕೂಸನ್ನು ತಂದಿದ್ದರು. ಗಂಡು, ಎಂಟು ತಿಂಗಳು. ಜೊತೆಯಲ್ಲಿ ಅತ್ತೆ ಕೆಂಪಲಕ್ಷ್ಮಮ್ಮ.

ಆರು ದಿನದಿಂದ ವಾಂತಿ. ಎತ್ತಿಕೊಂಡರೆ ಚೀರುತ್ತದೆ, ಮಲಗಿಸಿದರೂ ಚೀರುತ್ತದೆ. ತುಟಿಯ ಸುತ್ತ, ಅಂಗೈಯಲ್ಲಿ ಚರ್ಮ ಸುಲಿಯುತ್ತಿದೆ. ಡಾಕ್ಟರು ನೆತ್ತಿ ಮುಟ್ಟಿ ನೋಡಿ, ನನ್ನ ಕೈಯನ್ನೂ ಅಲ್ಲಿಟ್ಟರು. ಇನ್ನೂ ಕೂಡದ ನೆತ್ತಿ. ತಗ್ಗಾಗಿರಬೇಕಾದ ಜಾಗ ಉಬ್ಬಿ ಬಿಗಿದಿದೆ. ಒಳಗೆ ಬಡಿಯುತ್ತಿತ್ತು.

“ಮಿದುಳು ಜ್ವರ ಇರಬಹುದು” ಎಂದರು. ಮೈ ಬಿಸಿ ಇರಲಿಲ್ಲ.

“ಯಾರ್ದೋ ಕಣ್ಣು ಬಿದ್ದೈತೆ ಸ್ವಾಮಿ,” ಕೆಂಪಲಕ್ಷ್ಮಮ್ಮ ಹೇಳಿದರು. “ಸೊರಗ್ತಾ ಐತೆ ಅಂತ ಬಲದ ಎಣ್ಣೆ ಎರಡು ಹೊತ್ತು ಮಾಡಿಸ್ದೆ. ಶೀಸೆ ಮುಗುದೋಯ್ತು. ಇನ್ನೊಂದು ಕೊಡಿ.”

“ಎಣ್ಣೆ ಬಿಡಬೇಡಿ” ಎಂದರು ಡಾಕ್ಟರು.

ಖಾಲಿ ಶೀಸೆ ಹನುಮಂತಯ್ಯನವರ ಕೈಗೆ ಹೋಯಿತು. ಆರು ಹನಿಯಂತೆ ವರ್ಷವೇ ಬರಬೇಕಾದದ್ದು. ಚೀಟಿ ಓದಿದರು. ನನ್ನ ಮುಖ ನೋಡಿದರು. ಉಗುರಿನಿಂದ ಚೀಟಿ ಕೆರೆದು, ಹೊಸದು ಅಂಟಿಸಿ, ತುಂಬಿಕೊಟ್ಟು, “ಇನ್ಮೇಲೆ ಆರು ಹನಿ ಸಾಕಮ್ಮ” ಎಂದರು. ಯಾಕೆ ಎಂದು ಹೇಳಲಿಲ್ಲ. ನಾನೂ ಹೇಳಲಿಲ್ಲ.

12-12-1944, ಬೆಳಿಗ್ಗೆ 9

ಹನುಮಂತಯ್ಯನವರು ಬಾಗಿಲಲ್ಲೇ ತಡೆದರು. “ಬಾಯಿ ಬಿಡಬೇಡ. ಹೆಚ್ಚಾದ್ರೆ ಏನೂ ಆಗಲ್ಲ ಅಂತ ಡಾಕ್ಟ್ರೇ ಹೇಳಿಲ್ವೇ? ಇಲ್ಲದ್ದನ್ನ ಎಬ್ಬಿಸಿದ್ರೆ ನಾಳೆಯಿಂದ ಯಾರೂ ಔಷಧಿ ಮುಟ್ಟಲ್ಲ. ಕಾಂಪೌಂಡರು ನಾನು. ಶೀಸೆ ಕೊಟ್ಟೋನೂ ನಾನೇ. ಮೂರು ಹೆಣ್ಣುಮಕ್ಕಳ ತಂದೆ ಕಣೋ.”

“ನೀವು ಬರಿ ಅಂದ್ರಿ. ಬರೀದೆ ಇದ್ದೋನು ನಾನು. ಅದನ್ನೇ ಹೇಳ್ತೀನಿ.”

“ಹರಿಶ್ಚಂದ್ರನ ಮೊಮ್ಮಗ” ಎಂದು ದಾರಿ ಬಿಟ್ಟರು.

ಅದೇ ದಿನ, ಸಂಜೆ

ಡಾಕ್ಟರಿಗೆ ಎಲ್ಲ ಹೇಳಿದೆ. ಮೊದಲು ಕೋಪ. ಆಮೇಲೆ ದಪ್ಪ ಪುಸ್ತಕ ತೆಗೆದರು. ಎಣ್ಣೆ ಕಡಿಮೆಯಾದರೆ ಬರುವ ರೋಗ ನಾಲ್ಕು ಪುಟ. ಹೆಚ್ಚಾದರೆ ಬರುವುದು ಒಂದು ಸಾಲೂ ಇಲ್ಲ.

“ಪುಸ್ತಕದಲ್ಲಿಲ್ಲ, ಮರಿಯಣ್ಣ.”

“ಹೊಸ ಎಣ್ಣೆ ಅರ್ಧ ಒಳಲೆ ಕುಡಿಸ್ತಾರೆ ಅಂತ ಪುಸ್ತಕ ಬರೆದವರಿಗೆ ಗೊತ್ತಿರಲ್ಲ, ಸಾರ್. ನಿಲ್ಲಿಸಿ ನೋಡಬಹುದಲ್ಲ.”

ಪುಸ್ತಕ ಮುಚ್ಚಿದರು. “ನೀರಲ್ಲಿ ಕರಗೋದು ಹೊರಗೆ ಹೋಗುತ್ತೆ. ಇದು ಎಣ್ಣೇಲಿ ಕರಗೋದು. ಮೈಯಲ್ಲೇ ಕೂತ್ಬಿಡುತ್ತೋ ಏನೋ... ಹೋಗು. ನಿಲ್ಲಿಸೋಕೆ ಹೇಳು. ಒಂದು ಹನಿಯೂ ಬೇಡ.”

ಬಸ್ತಿಹಳ್ಳಿಗೆ ಓಡಿದೆ. ಕೆಂಪಲಕ್ಷ್ಮಮ್ಮ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಕೂತಿದ್ದರು. ಪಕ್ಕದಲ್ಲಿ ಒಳಲೆ. ಆರು ಹನಿ ಅಲ್ಲ, ಅರ್ಧ ಒಳಲೆಯೇ.

“ಆರು ಹನಿ ಅಂತ ಹೇಳಿದ್ರಲ್ಲಮ್ಮ.”

“ಅದು ಎಣ್ಣೆ ಉಳಿಸೋ ಲೆಕ್ಕ. ಸೊರಗಿದ ಕೂಸಿಗೆ ಯಾರಾದ್ರೂ ಕಮ್ಮಿ ಮಾಡ್ತಾರೇನ್ಲಾ?”

“ಕೂಸು ಸೊರಗ್ತಿರೋದು ಎಣ್ಣೆಯಿಂದ್ಲೇ ಇರಬಹುದು. ಮೊದಲನೇ ಶೀಸೆಗೂ ಆರೇ ಹನಿ. ಅರ್ಧ ಒಳಲೆ ಅಂತ ಚೀಟಿ ಅಂಟಿಸ್ದೋನು ನಾನು. ಬೇರೆ ಬರಿ ಅಂದಿದ್ರು. ಬಸ್ಸಿಗೆ ಹೊತ್ತಾಯ್ತು ಅಂತ ಬರೀಲಿಲ್ಲ.”

ವಸಂತಮ್ಮನವರು ಒಳಲೆ ತೊಳೆದು ತಂದರು. ಚೊಂಬಿನ ನೀರಿನಲ್ಲಿ ಬೆರಳು ಅದ್ದಿ ಆರು ಹನಿ ಬಿಟ್ಟರು, ಒಂದೊಂದಾಗಿ. ಒಳಲೆಯ ತಳವೂ ಮುಚ್ಚಲಿಲ್ಲ. ಅದನ್ನು ಅತ್ತೆಯ ಮುಂದೆ ಹಿಡಿದರು. ಮುದುಕಿ ಕೂಸನ್ನು ಎದೆಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದರು.

ಶೀಸೆ ತಂದಿದ್ದೇನೆ.

13-12-1944, ಬುಧವಾರ

ಬಸ್ಸಿಗೆ ಕಾಯದೆ ಹಗರೆಗೆ ನಡೆದೆ. ಮೂರು ಗಂಟೆ.

ಮಾದಮ್ಮನ ಗಂಡ ಜವರಯ್ಯ ಹಟ್ಟಿಯಲ್ಲಿ ಹಗ್ಗ ಹೊಸೆಯುತ್ತಿದ್ದರು. ಕೂಸು ಹೇಗಿದೆ ಎಂದೆ. ಹಗ್ಗ ನಿಲ್ಲಿಸಲಿಲ್ಲ.

“ಹೋಯ್ತಲ್ಲಪ್ಪ. ಒಂಬತ್ತು ದಿನ ಆಯ್ತು.”

ಹೆಣ್ಣುಕೂಸು. ವಾಂತಿ. ಕೊನೆಗೆ ಸೆಳೆತ. ದವಾಖಾನೆಗೆ ಹೊತ್ತುಕೊಂಡು ಹೊರಟರಂತೆ. ದಾರಿಯಲ್ಲೇ ತಣ್ಣಗಾಯಿತಂತೆ.

ಮಾದಮ್ಮ ಬಾಗಿಲಿಗೆ ಬಂದು ನಿಂತರು. ಒಳಗಿನಿಂದ ಅತ್ತೆ ಗಿಡ್ಡಮ್ಮನ ದನಿ: “ಡಾಕ್ಟ್ರ ಕಡೇವ್ರಾ? ಕೇಳಲಿ. ಸೊಸೆ ಮನಸ್ಸಿಗೆ ಬಂದಂಗೆ ಉಯ್ದು ಕೂಸು ಕೊಂದ್ಲು ಅಂತ ಹೇಳ್ರಿ.”

“ಆ ಎಣ್ಣೆ ಶೀಸೆ ಇದ್ರೆ ಕೊಡಿ” ಎಂದೆ. ಮಾದಮ್ಮ ತಂದುಕೊಟ್ಟರು. ತಳದಲ್ಲಿ ಒಂದು ಬೆರಳು ಎಣ್ಣೆ. ಚೀಟಿ ಹಾಗೇ ಇದೆ, ನನ್ನ ಅಕ್ಷರ.

ಹೇಳಲಿಲ್ಲ. ಎಣ್ಣೆಯಿಂದಲೇ ಎಂದು ಇನ್ನೂ ಗೊತ್ತಿಲ್ಲವಲ್ಲ ಎಂದುಕೊಂಡು ಬಂದುಬಿಟ್ಟೆ.

17-12-1944, ಭಾನುವಾರ

ಬಸ್ತಿಹಳ್ಳಿಯ ಕೂಸಿನ ನೆತ್ತಿ ಇಳಿದಿದೆ. ಮೊನ್ನೆಯಿಂದ ವಾಂತಿ ಇಲ್ಲ. ಇವತ್ತು ಮೊಲೆ ಹಿಡಿಯಿತಂತೆ. ಮುಟ್ಟಿ ನೋಡಿದೆ — ಮೆತ್ತಗಿದೆ. ಕೆಂಪಲಕ್ಷ್ಮಮ್ಮ ಒಂದು ಲೋಟ ಮಜ್ಜಿಗೆ ತಂದು ಮುಂದಿಟ್ಟರು. ಕುಡಿಯಲಾಗಲಿಲ್ಲ.

ಇನ್ನು ಗೊತ್ತಿಲ್ಲ ಎನ್ನುವ ಹಾಗಿಲ್ಲ.

ಡಾಕ್ಟರು ಎರಡು ಕೂಸಿನ ವಿಷಯವನ್ನೂ ಇಂಗ್ಲಿಷಿನಲ್ಲಿ ಬರೆದು ಎಲ್ಲಿಗೋ ಕಳಿಸಿದರು. “ಹಗರೆ ಕೂಸು ಇದರಿಂದ್ಲೇ ಹೋಯ್ತು ಅಂತ ಪ್ರಮಾಣ ಮಾಡೋಕಾಗಲ್ಲ. ಮೊದಲೇ ಕಡ್ಡಿ ಹಾಗಿತ್ತು. ಅಲ್ಲ ಅಂತಾನೂ ಹೇಳಲಾರೆ.” ನಾನು ಅಂದು ಕೇಳಿದ್ದಕ್ಕೆ ‘ವಿಷ ಅಲ್ಲ’ ಎಂದು ತಾವು ಹೇಳಿದ ಮಾತನ್ನೂ ಅದರಲ್ಲಿ ಬರೆದಿದ್ದಾರೆ. ಓದಿ ತೋರಿಸಿದರು.

19-12-1944, ಮಂಗಳವಾರ

ಅಕ್ಕ ಹನುಮಕ್ಕನಿಗೆ ಹೇಳಿದೆ. ರೊಟ್ಟಿ ತಟ್ಟುತ್ತಿದ್ದವಳು ಕೈ ತಡೆದಳು.

“ಹೋಗಬೇಡ ಕಣೋ. ಕೂಸು ಬರಲ್ಲ. ತಾಯಿ ತನ್ನ ಕೈಯಾರ ಕುಡಿಸವ್ಳೆ. ನೀನು ಹೋಗಿ ಹೇಳಿದ್ರೆ ಆ ಕೈ ಇಟ್ಕೊಂಡು ಅವಳು ಹೆಂಗೆ ಬಾಳ್ತಾಳೆ? ನಿನ್ನ ಎದೆ ಹಗುರ ಆಗ್ಲಿ ಅಂತ ಅವಳ ಮೇಲೆ ಹೇರ್ತೀಯಾ?”

ಅಕ್ಕ ಹೇಳಿದ್ದು ಸರಿಯಿರಬಹುದು. ನಿಜ ಹೇಳುವುದು ನನಗೆ ಯಾವತ್ತೂ ಕಷ್ಟವಾಗಿಲ್ಲ. ಅದರ ಬೆಲೆ ಕೊಡುತ್ತಿದ್ದವನು ನಾನೊಬ್ಬನೇ. ಈ ಸಲ ಹಾಗಲ್ಲ...

ಆದರೆ ಗಿಡ್ಡಮ್ಮ ಅಂದ ಮಾತು ಕಿವಿಯಲ್ಲಿದೆ. ಮನಸ್ಸಿಗೆ ಬಂದಂಗೆ ಉಯ್ದು.

22-12-1944, ಶುಕ್ರವಾರ, ಸಂಜೆ 5. ಹಗರೆ, ಬಸ್ ನಿಲ್ಲುವ ಕಡೆ ಕಟ್ಟೆಯ ಮೇಲೆ

ಬಸ್ಸು ಬರುವುದರೊಳಗೆ ಬರೆದುಬಿಡುತ್ತೇನೆ. ಮನೆಗೆ ಹೋದರೆ ಬೇರೆ ಥರ ಬರೆದೇನು.

ಮಾದಮ್ಮ ಕಣದ ಅಂಚಿನಲ್ಲಿ ಒಬ್ಬರೇ ರಾಗಿ ಕೇರುತ್ತಿದ್ದರು. ನಿಂತೇ ಹೇಳಿದೆ. ಆರು ಹನಿ ಇರಬೇಕಿತ್ತು. ಅರ್ಧ ಒಳಲೆ ಎಂದು ಇತ್ತು. ಬರೆದವನು ನಾನು. ಬದಲಾಯಿಸು ಎಂದಿದ್ದರು, ಬದಲಾಯಿಸಲಿಲ್ಲ. ಆಮೇಲೂ ಗೊತ್ತಿದ್ದೂ ಬರಲಿಲ್ಲ. ಹೆಚ್ಚಾದರೆ ನೆತ್ತಿಗೆ ಏರುತ್ತದೆ. ಬಸ್ತಿಹಳ್ಳಿಯಲ್ಲಿ ನಿಲ್ಲಿಸಿದ ಮೇಲೆ ಕೂಸು ಉಳಿಯಿತು.

ಮೊರ ಕೆಳಗಿಟ್ಟರು.

“ಆ ಚೀಟಿ ಐತಾ?”

ಶೀಸೆ ಚೀಲದಲ್ಲಿತ್ತು. ತೆಗೆದೆ.

“ಓದು.”

“ದಿನಕ್ಕೆ ಅರ್ಧ ಒಳಲೆ.”

“ಇನ್ನೊಂದು ಕಿತ.”

“ದಿನಕ್ಕೆ ಅರ್ಧ ಒಳಲೆ.”

“ಬಸ್ಸಿನ ಕಂಡಕ್ಟ್ರೂ ಹಂಗೇ ಓದಿದ್ದ. ನಾನೂ ಅಷ್ಟೇ ಉಯ್ದಿದ್ದು. ಅರ್ಧಕ್ಕೆ ಉಗುರಲ್ಲಿ ಗೀರು ಮಾಡ್ಕೊಂಡಿದ್ದೆ.” ನನ್ನ ಮುಖ ನೋಡಲಿಲ್ಲ. ಚೀಟಿಯನ್ನೇ ನೋಡುತ್ತಿದ್ದರು. “ಒಂದು ಹನಿ ಹೆಚ್ಚು ಉಯ್ಲಿಲ್ಲ ಕಣಪ್ಪ ನಾನು. ಕಕ್ಕಿದಾಗ್ಲೂ ಮತ್ತೆ ಉಯ್ಲಿಲ್ಲ. ಹದಿನೆಂಟು ದಿನದಿಂದ ಮನೇಲಿ ನನ್ನ ಕೈನೀರು ಮುಟ್ಟಿಲ್ಲ ಯಾರೂ.”

ಎದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು. “ಬಾ.”

ಹಿಂದೆ ನಡೆದೆ. ಹಟ್ಟಿಯಲ್ಲಿ ಗಿಡ್ಡಮ್ಮ ಕಾಳು ಆರಿಸುತ್ತಿದ್ದರು. ಜವರಯ್ಯ ಆಗತಾನೆ ನೇಗಿಲು ಇಳಿಸಿದ್ದರು. ಮಾದಮ್ಮ ಇಬ್ಬರ ನಡುವೆ ನನ್ನನ್ನು ನಿಲ್ಲಿಸಿದರು.

“ಅತ್ತೆ, ಈ ಕಡೆ ತಿರುಗಿ. ಇದನ್ನ ಬರೆದೋನು ಇವನೇ. ಓದ್ತಾನೆ, ಕೇಳಿ.” ನನ್ನ ಕಡೆ ತಿರುಗಿದರು. “ಜೋರಾಗಿ ಓದು. ಆಮೇಲೆ ನನಗೆ ಹೇಳಿದ್ದನ್ನೆಲ್ಲ ಇವ್ರಿಗೂ ಹೇಳು.”

ಓದಿದೆ. ಹೇಳಿದೆ, ಒಂದೂ ಬಿಡದೆ. ಗಿಡ್ಡಮ್ಮನ ಕೈಯಲ್ಲಿದ್ದ ಕಾಳು ಮೊರಕ್ಕೆ ಬಿದ್ದವು. ಮಾದಮ್ಮ ಒಳಗೆ ಹೋಗಿ ಒಂದು ಚೊಂಬು ನೀರು ತಂದು ಗಂಡನ ಮುಂದೆ ಹಿಡಿದು ನಿಂತರು. ಜವರಯ್ಯ ನನ್ನನ್ನು ನೋಡಿದರು, ಚೊಂಬನ್ನು ನೋಡಿದರು. ಎರಡು ಹೆಜ್ಜೆ ನನ್ನ ಕಡೆ ಬಂದರು. ನಾನು ಕದಲಲಿಲ್ಲ. ಆಮೇಲೆ ತಿರುಗಿ, ಹೆಂಡತಿಯ ಕೈಯಿಂದ ಚೊಂಬು ತೆಗೆದುಕೊಂಡು ಕುಡಿದರು. ಬಸ್ಸು ಬಂತು.