‘ನೋಡೋಣ’ ಅಂದವರು

ಇಂದಿರಾನಗರ, 2002

ಮುಬೀನ್,

ಇದನ್ನು ಅಂಚೆಗೆ ಹಾಕುವುದಿಲ್ಲ. ಸಂಜೆ ಎಂಬಿಎ ಕ್ಲಾಸಿನಲ್ಲಿ ಇವತ್ತೂ ನಿನ್ನ ಕುರ್ಚಿಯ ಮೇಲೆ ನನ್ನ ಬ್ಯಾಗಿಟ್ಟು ಜಾಗ ಹಿಡಿದಿದ್ದೆ.

ಬಟ್ಟೆ ಕಂಪನಿಯೊಂದು ಶಿವಾಜಿನಗರದಲ್ಲಿ ಗೋದಾಮು ತೆರೆಯಬೇಕೇ ಎಂಬುದು ಕ್ಲಾಸಿನಲ್ಲಿ ನನಗೆ ಕೊಟ್ಟಿದ್ದ ಕೇಸ್ ಸ್ಟಡಿ. ಗೋದಾಮಿನಿಂದ ಮಾಲು ಕೊಳ್ತೀರಾ ಎಂದು ಅಲ್ಲಿನ ಅಂಗಡಿಯವರನ್ನೆಲ್ಲ ವಿಚಾರಿಸಿ ಬಂದಿದ್ದೆ. “ಹೆಚ್ಚಿನವರು ಒಪ್ಪಿದ್ದಾರೆ, ತೆರೆಯಬಹುದು” ಎಂದು ಶಿಫಾರಸು ಓದಿದೆ.

ಮೇಷ್ಟ್ರು ತಡೆದರು. “ಒಪ್ಪಿದ್ರಾ? ಏನಂದ್ರು, ಅವರ ಮಾತಲ್ಲೇ ಹೇಳಿ.”

“‘ನೋಡೋಣ’ ಅಂದ್ರು ಸಾರ್.”

ಕ್ಲಾಸು ನಕ್ಕಿತು. ಅವರು ನಗಲಿಲ್ಲ. “ವ್ಯಾಪಾರದವರು ಮುಖಕ್ಕೆ ಹೊಡೆದ ಹಾಗೆ ‘ಬೇಡ’ ಅನ್ನಲ್ಲ, ಕಾವೇರಿ. ಅವರು ಹೇಳಿದ್ದು ಬೇರೆ, ನಿಮ್ಮ ಆಸೆ ಬೇರೆ.”

ಓದುತ್ತಿದ್ದ ಹಾಳೆ ಮಡಚಿದೆ.

ಕೊನೆಯ ಸಲ ಹಲಸೂರು ಕೆರೆಯ ಹತ್ತಿರ “ಮತ್ತೆ ಕ್ಲಾಸಿಗೆ ಬರ್ತೀಯಲ್ಲ?” ಎಂದು ನಾನು ಕೇಳಿದಾಗ ನೀನೂ ‘ನೋಡೋಣ’ ಅಂದಿದ್ದೆ.

ಜಾಗಕ್ಕೆ ಮರಳಿ, ನಿನ್ನ ಕುರ್ಚಿಯ ಮೇಲಿದ್ದ ಬ್ಯಾಗು ತೆಗೆದು ಮಡಿಲಲ್ಲಿಟ್ಟುಕೊಂಡೆ.

ಕಾವೇರಿ