ಖಾಲಿ ಪಟ್ಟಿ ನೋಡಿ ಗಾಜು ಹಾಕಿಸಿದವರಿಗೆ

ನಮ್ಮ ಶಾಲೆಗೆ ಮಧ್ಯಾಹ್ನ ಮೂರೂಕಾಲಕ್ಕೆ ಬಂದು, ಮೂರೂವರೆ ಆಗುವ ಮೊದಲೇ ಜೀಪು ಹತ್ತಿದ ಮಾನ್ಯ ತಪಾಸಣಾಧಿಕಾರಿಗಳೇ,

ತಾವು ಒಂದು ಖಾಲಿ ಪಟ್ಟಿ ನೋಡಿ 'ತರಗತಿಯಲ್ಲಿ ವೇಳಾಪಟ್ಟಿ ಇರುವುದಿಲ್ಲ' ಎಂದು ಬರೆದಿರಿ. ಅದರಿಂದ ನನ್ನ ಮಗಳ ಬಲಗೈಗೆ ಏಳು ಹೊಲಿಗೆ ಬಿದ್ದವು. ಈಗ ಅವಳನ್ನು ಶಾಲೆ ಬಿಡಿಸಿ ಮನೆಯಲ್ಲಿ ಕೂರಿಸಲು ತಮ್ಮ ಕಚೇರಿ ನನ್ನ ಸಹಿ ಕೇಳುತ್ತಿದೆ. ದೂರು ಇಷ್ಟೇ.

ಇಷ್ಟನ್ನೇ ಎರಡು ಸಲ ಅರ್ಜಿಯಲ್ಲಿ ಬರೆದುಕೊಟ್ಟೆ. ಟಪಾಲಿನ ಕಿಟಕಿಯಲ್ಲಿ ಸೀಲು ಬಿತ್ತು, ಅಲ್ಲಿಗೆ ಅರ್ಜಿಯ ಆಯುಷ್ಯ ಮುಗಿಯಿತು. ಅದಕ್ಕೇ ಊರವರೆಲ್ಲ ಓದಲಿ ಎಂದು ಇಲ್ಲಿ ಬಹಿರಂಗ ಪತ್ರವಾಗಿ ಬರೆಯುತ್ತಿದ್ದೇನೆ. ನಾನು ಬೋರ್ಡು ಬರೆಯುವವನು. ಅಂಗಡಿ ಹೆಸರು, ನಂಬರ್ ಪ್ಲೇಟು, ಲಾರಿಯ ಹಿಂದಿನ ಅಕ್ಷರ. ಸಂಘಟನೆಯ ದಿನಗಳಲ್ಲಿ ಕುಣಿಗಲ್‌ನಿಂದ ಗುಬ್ಬಿಯವರೆಗೆ ಎಷ್ಟು ಗೋಡೆಗೆ ನೀಲಿ ಬಣ್ಣದಲ್ಲಿ ಘೋಷಣೆ ಬರೆದೆನೋ ಲೆಕ್ಕವಿಲ್ಲ. 'ಧಿಕ್ಕಾರ' ಎಂಬ ಪದವನ್ನು ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ. ಈ ಸಲವೂ ಅದನ್ನೇ ಬರೆಯಲು ಕೂತೆ. ಸಿಟ್ಟು ಬರಲಿಲ್ಲ. ಹೊಲಿಗೆ ಹಾಕುವ ಮೊದಲು ಮರಗಟ್ಟಲು ಒಂದು ಇಂಜೆಕ್ಷನ್ ಕೊಡುತ್ತಾರಲ್ಲ, ಮಗಳ ಕೈಗೆ ಕೊಟ್ಟದ್ದು ನನಗೇ ಹತ್ತಿದ ಹಾಗಿದೆ. ಹಾಗಾಗಿ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ತಮಗೂ ಓದಲು ಸಲೀಸು.

ಮಗಳ ಹೆಸರು ಮೋನಿಕಾ. ಒಂಬತ್ತು ವರ್ಷ. ಆಟಿಸಂ ಇದೆ. ಮಾತು ಹತ್ತಿಪ್ಪತ್ತು, ಅವೂ ಬೇಕೆಂದಾಗ ಬಾಯಿಗೆ ಬರುವುದಿಲ್ಲ. ತಮ್ಮ ವರದಿಯಲ್ಲಿ ಅವಳು 'ಫಲಾನುಭವಿ ಸಂಖ್ಯೆ ನಾಲ್ಕು'. ಇದಕ್ಕೆ ಮುಂಚೆ ಎರಡು ಶಾಲೆಯವರು ಅವಳನ್ನು ಒಲ್ಲೆ ಅಂದಿದ್ದರು. ತಾವು ಬೆಳಿಗ್ಗೆ ಎದ್ದರೆ ಡೈರಿ ಇರುತ್ತದೆ, ಯಾವ ಮೀಟಿಂಗ್ ಎಷ್ಟಕ್ಕೆ ಶುರು, ಎಷ್ಟಕ್ಕೆ ಮುಗಿಯುತ್ತದೆ ಎಂದು ಗೊತ್ತಿರುತ್ತದೆ. ತಮ್ಮ ದಿನಕ್ಕೆ ಹಿಂದು ಮುಂದು ಇದೆ. ಅವಳಿಗೆ ಶಾಲೆಯ ದಿನವೆಂದರೆ ಬೋರ್ಡಿಲ್ಲದ ಬಸ್ಸಿಗೆ ಹತ್ತಿಸಿ ಬಾಗಿಲು ಹಾಕಿದ ಹಾಗೆ. ಎಲ್ಲಿಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ, ಮನೆ ಬರುತ್ತದೋ ಇಲ್ಲವೋ, ಒಂದೂ ಗೊತ್ತಿಲ್ಲ. ಅಂಥ ಬಸ್ಸಿನಲ್ಲಿ ತಾವಾಗಿದ್ದರೆ ಕೈ ಕಟ್ಟಿ ಕೂತಿರುತ್ತಿದ್ದಿರಾ? ಅವಳು ಬೆಂಚಿನ ಕೆಳಗೆ ಸೇರಿಕೊಂಡು ತಲೆ ಚಚ್ಚಿಕೊಳ್ಳುತ್ತಿದ್ದಳು.

ಈ ಸರ್ಕಾರಿ ಶಾಲೆಯ ಹಿಂದಿನ ಕೋಣೆಯಲ್ಲಿ ಇಂಥ ಆರು ಮಕ್ಕಳು. ವಿಶೇಷ ಶಿಕ್ಷಕಿ ರೂಪಶ್ರೀ ಮಿಸ್ ಜೂನ್‌ನಲ್ಲಿ ನನ್ನನ್ನು ಕರೆದು, "ಅಣ್ಣ, ನೀವು ಚಿತ್ರ ಬರೀತೀರಂತೆ, ನನಗೊಂದಿಷ್ಟು ಕಾರ್ಡ್ ಬರ್ಕೊಡಿ" ಅಂದರು. ಮದುವೆ ಕಾಗದದ ರಟ್ಟಿನ ಮೇಲೆ ಬರೆದುಕೊಟ್ಟೆ. ಬ್ಯಾಗು, ಚಾಪೆ, ಹಾಲಿನ ಲೋಟ, ಮಣಿಸರ, ನಲ್ಲಿ, ಉಯ್ಯಾಲೆ, ಊಟದ ತಟ್ಟೆ, ದಿಂಬು, ಬಣ್ಣದ ಡಬ್ಬಿ, ತಮಟೆ, ಕಡೆಗೆ ಬಸ್ಸು. ಒಬ್ಬೊಬ್ಬ ಮಗುವಿಗೆ ಗೋಡೆಯ ಮೇಲೆ ಒಂದೊಂದು ಬಟ್ಟೆಯ ಪಟ್ಟಿ. ಚಪ್ಪಲಿಗೆ ಇರುತ್ತದಲ್ಲ, ಎಳೆದರೆ ಪರ್ರ್ ಅನ್ನುವ ವೆಲ್ಕ್ರೊ, ಅದರಲ್ಲಿ ಕಾರ್ಡುಗಳು ಮೇಲಿಂದ ಕೆಳಕ್ಕೆ ಅಂಟಿಕೊಂಡಿರುತ್ತವೆ. ಬ್ಯಾಗು ನೇತುಹಾಕಿದ್ದಾಯಿತೇ, ಮಗು ತಾನೇ ಬ್ಯಾಗಿನ ಕಾರ್ಡು ಕಿತ್ತು ಕೆಳಗಿರುವ ಬಿಸ್ಕತ್ ಡಬ್ಬಿಗೆ ಹಾಕಬೇಕು. ಆ ಡಬ್ಬಿಯ ಹೆಸರು 'ಆಯ್ತು'. ಈಗ ಪಟ್ಟಿಯ ತುದಿಯಲ್ಲಿ ಚಾಪೆ ಇದೆ, ಹೋಗಿ ಚಾಪೆಯ ಮೇಲೆ ಕೂರುವುದು. ಹೀಗೆ ಒಂದೊಂದೇ ಕಿತ್ತು ಕಿತ್ತು ಮಧ್ಯಾಹ್ನ ಮೂರರ ಹೊತ್ತಿಗೆ ಪಟ್ಟಿಯಲ್ಲಿ ಬಸ್ಸೊಂದೇ ಉಳಿಯುತ್ತದೆ, ಮೂರೂಕಾಲಕ್ಕೆ ಅದನ್ನೂ ಕಿತ್ತರೆ ಪಟ್ಟಿ ಖಾಲಿ.

"ಅಂಟಿಸೋದು ದೊಡ್ಡದಲ್ಲ ಅಣ್ಣ," ಅನ್ನುತ್ತಿದ್ದರು ಮಿಸ್. "ಕೀಳೋದು ದೊಡ್ಡದು. ಅವಳ ದಿನ ಅವಳ ಕೈಯಲ್ಲೇ ಮುಗೀಬೇಕು."

ಆರು ಮಕ್ಕಳಿಗೆ ಆರು ದಿನ. ಹೆಬ್ಬೂರಿನ ಹರ್ಷಿತಾಗೆ ಒಂದು ಸಲಕ್ಕೆ ಮೂರು ಕಾರ್ಡಿಗಿಂತ ಹೆಚ್ಚು ಕಂಡರೆ ಗಾಬರಿ, ಅವಳ ಪಟ್ಟಿ ಗೇಣುದ್ದ. ಮೋನಿಕಾಗೆ ಹನ್ನೊಂದೂ ಕಾಣಬೇಕು, ಬಸ್ಸು ಕಾಣದಿದ್ದರೆ ಒಳಗೆ ಕಾಲಿಡುತ್ತಿರಲಿಲ್ಲ. ಆಗಸ್ಟಿನಲ್ಲಿ ಒಂದು ದಿನ ಅವಳು ಸರದಿ ತಪ್ಪಿಸಿ ನಲ್ಲಿಯ ಕಾರ್ಡು ಕಿತ್ತು ಮಿಸ್ ಕೈಗಿಟ್ಟಳು. ಬಚ್ಚಲಿಗೆ ಹೋಗಬೇಕಿತ್ತು. ಒಂಬತ್ತು ವರ್ಷದಲ್ಲಿ ನನ್ನ ಮಗಳು ಒದ್ದೆಯಾಗುವ ಮೊದಲೇ ಕೇಳಿದ್ದು ಅದೇ ಮೊದಲು. ಇದಕ್ಕೆ ತಮ್ಮ ನಮೂನೆಯಲ್ಲಿ ಯಾವ ಕಾಲಂ ಇದೆ? ಹುಡುಕಿದೆ, ಸಿಗಲಿಲ್ಲ.

ನವೆಂಬರಿನಲ್ಲಿ ತಾವು ಬಂದಿರಿ. ಅನಿರೀಕ್ಷಿತ ಭೇಟಿ ಎಂದು ತಮ್ಮ ವರದಿಯ ನೆತ್ತಿಯ ಮೇಲೇ ಹೆಮ್ಮೆಯಿಂದ ಬರೆದಿದೆ. ಅನಿರೀಕ್ಷಿತವಾದದ್ದೇ ಆಗಿಬರದ ಮಕ್ಕಳ ಕೋಣೆಗೆ ಅನಿರೀಕ್ಷಿತವಾಗಿ ಬಂದಿರಿ, ಇರಲಿ. ಮಿಸ್ ತಮ್ಮನ್ನು ಬಾಗಿಲಲ್ಲಿ ಅರೆ ನಿಮಿಷ ನಿಲ್ಲಿಸಿ, ಆರೂ ಪಟ್ಟಿಗೆ 'ಹೊಸಬರು ಬಂದಿದ್ದಾರೆ' ಎನ್ನುವ ಕಾರ್ಡು ಅಂಟಿಸಿದರು. ಅದು 'ಅಧಿಕಾರಿಗಳನ್ನು ಬರಮಾಡಿಕೊಳ್ಳುವಲ್ಲಿ ವಿಳಂಬ' ಎಂದು ದಾಖಲಾಯಿತು. ಮಕ್ಕಳು ಆ ಕಾರ್ಡನ್ನೂ ಕಿತ್ತು ಡಬ್ಬಿಗೆ ಹಾಕಿದ ಮೇಲೆ ಗೋಡೆ ನೋಡಿದಿರಿ. ಪಟ್ಟಿಗಳು ಖಾಲಿ. ಡಬ್ಬಿ ತೆಗೆದು ನೋಡಿದಿರಿ. ತುಂಬ ಕಾರ್ಡು. 'ಬೋಧನೋಪಕರಣಗಳನ್ನು ಹಳೆಯ ಡಬ್ಬಿಯಲ್ಲಿ ತುಂಬಿಡಲಾಗಿದೆ, ವೇಳಾಪಟ್ಟಿ ಇರುವುದಿಲ್ಲ, ಒಂದು ವಾರದೊಳಗೆ ಏಕರೂಪ ವೇಳಾಪಟ್ಟಿಯನ್ನು ಗಾಜಿನ ಚೌಕಟ್ಟಿನಲ್ಲಿ ಶಾಶ್ವತವಾಗಿ ಅಳವಡಿಸತಕ್ಕದ್ದು.' ಮಿಸ್‌ಗೆ ಕಾರಣ ಕೇಳಿ ನೋಟಿಸ್. ಇದು ಯಾಕೆ ಖಾಲಿ ಎಂದು ಒಂದು ಮಾತು ಕೇಳಲು ತಮಗೆ ಯಾವ ನಿಯಮ ಅಡ್ಡ ಬಂತು?

ಹರ್ಷಿತಾಳ ತಾತ ಪುಟ್ಟರಂಗಯ್ಯನವರು ಆವತ್ತು ಹೊರಗೆ ಬೇವಿನ ಮರದ ಕೆಳಗಿನ ಬೆಂಚಿನಲ್ಲಿ ಕೂತಿದ್ದರು. ದಿನವೂ ಹೆಬ್ಬೂರಿನಿಂದ ಬಸ್ಸಲ್ಲಿ ಮೊಮ್ಮಗಳನ್ನು ಕರೆತಂದು ಸಾಯಂಕಾಲದವರೆಗೂ ಅಲ್ಲೇ ಕೂರುತ್ತಾರೆ. ತೋಟ ಇರುವ ಯಜಮಾನರು. ಮೊದಲ ದಿನ ನನ್ನ ಊರು ಕೇಳಿದರು, ಆಮೇಲೆ ಊರಲ್ಲಿ ಯಾವ ಕಡೆ ಮನೆ ಎಂದು ಕೇಳಿದರು, ಆಮೇಲೆ ಬೆಂಚಿನ ಆ ತುದಿಗೆ ಸರಿದರು. ಗಣೇಶನ ಹಬ್ಬದ ಹೊತ್ತಿಗೆ ನನ್ನ ಫ್ಲಾಸ್ಕಿನ ಟೀ ಕುಡಿಯುತ್ತಿದ್ದರು. ತಮ್ಮ ವರದಿಯನ್ನು ನಾನು ಅವರಿಗೆ ಓದಿ ಹೇಳಿದೆ.

"ಆವಯ್ಯನ ಜೀಪು ಬಂತಲ್ಲ, ಆಗ ಟೈಮೆಷ್ಟಾಗಿತ್ತು?"

"ಮೂರೂಕಾಲಂತೆ."

"ಉಂಡು ತೊಳೆದಿಟ್ಟಿರೋ ತಟ್ಟೆ ನೋಡ್ಬುಟ್ಟು, ಇವ್ರು ಮಕ್ಕಳಿಗೆ ಅನ್ನಾನೇ ಹಾಕಿಲ್ಲ ಅಂತ ಬರ್ಕೊಂಡೋದಂಗಾಯ್ತು ಕಣಪ್ಪ."

ಇಡೀ ಇಲಾಖೆಯಲ್ಲಿ ಈ ಒಂದು ವಾಕ್ಯ ಹೇಳುವವರು ಇರಲಿಲ್ಲವೇ? ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವರು ಹೇಳಿದರು.

ಇನ್ನು ನನ್ನ ಪಾಲು. ಇದನ್ನು ಬರೆಯದೆ ಬಿಟ್ಟರೆ ತಮ್ಮ ಮೇಲೆ ಬೆರಳು ತೋರಿಸಲು ನನಗೆ ಹಕ್ಕಿಲ್ಲ. ಆ ಗಾಜು ಹಾಕಿದವನು ನಾನೇ.

ಹೆಡ್‌ಮಾಸ್ಟರು ಫೋನು ಮಾಡಿದರು. "ಅಂಜನ್, ಒಂದು ಫ್ರೇಮ್ ಮಾಡ್ಕೊಟ್ಬುಡಪ್ಪ. ಪಾಪ ಆ ಹೆಣ್ಮಗಳಿಗೆ ನೋಟಿಸ್ ಬಂದೈತೆ. ಫೋಟೋ ತೆಗೆದು ಆಫೀಸಿಗೆ ಕಳ್ಸಿದ್ರೆ ಮುಗೀತು, ಆಮೇಲೆ ಬಿಚ್ಚಾಕಣ." ಮಿಸ್ ಬೇಡ ಅಂದರು. "ಬಿಚ್ಚಲ್ಲ ಅಣ್ಣ, ನೋಡ್ತಿರಿ." ನಿಮ್ಮ ಕೆಲಸ ಉಳಿಯಲಿ ಮೊದಲು ಎಂದು ನಾನೇ ಅವರಿಗೆ ಸಮಾಧಾನ ಹೇಳಿದೆ. ಇನ್ನೊಂದು ಕಾರಣವೂ ಇತ್ತು, ಸುಳ್ಳು ಹೇಳಬಾರದು. ನಾನು ಸರ್ಕಾರಿ ಗೋಡೆಯ ಮೇಲೆ ಬರೆದದ್ದನ್ನೆಲ್ಲ ಇಷ್ಟು ವರ್ಷ ಸುಣ್ಣ ಬಳಿದು ಅಳಿಸುತ್ತಿದ್ದರು. ನನ್ನ ಕೈಬರಹಕ್ಕೆ ಗಾಜು ಹಾಕಿ ಕಾಪಾಡು ಎಂದು ಸರ್ಕಾರ ಹೇಳಿದ್ದು ಅದೇ ಮೊದಲು. ಭಾನುವಾರ ಕೂತು ತೇಗದ ಪಟ್ಟಿ ಕೊಯ್ದು, ಹನ್ನೊಂದು ಕಾರ್ಡನ್ನೂ ಗೋಂದು ಹಚ್ಚಿ ಅಂಟಿಸಿ, ಮೇಲೆ ಗಾಜು ಕೂರಿಸಿ, ಮಕ್ಕಳ ಕಣ್ಣಿನ ಎತ್ತರಕ್ಕೇ ಸ್ಕ್ರೂ ಹೊಡೆದೆ. ಪಟ್ಟಿಗಳನ್ನೂ ಡಬ್ಬಿಯನ್ನೂ ಬೀರುವಿನ ಪಕ್ಕಕ್ಕೆ ಸರಿಸಿದೆವು. ಫೋಟೋ ಚೆನ್ನಾಗಿ ಬಂತು. ಮರುದಿನವೇ ತಮ್ಮ ಕಚೇರಿಯಿಂದ ಉತ್ತರವೂ ಬಂತು, 'ಪ್ರತಿ ಸೋಮವಾರ ಚೌಕಟ್ಟಿನ ಫೋಟೋ ಕಳುಹಿಸತಕ್ಕದ್ದು.'

ಸೋಮವಾರ ಮೋನಿಕಾ ಬ್ಯಾಗು ನೇತುಹಾಕಿ, ಕಾರ್ಡು ಕೀಳಲು ಹೋದಳು. ಬೆರಳಿಗೆ ಗಾಜು ಸಿಕ್ಕಿತು. ಗಾಜಿನ ಅಂಚು ಕೆರೆದಳು. ಹಾಲು ಬಂತು, ಕುಡಿಯಲಿಲ್ಲ. ಬ್ಯಾಗೇ ಮುಗಿದಿಲ್ಲ, ಹಾಲು ಹೇಗೆ ಬರುತ್ತದೆ? ಬಿಸಿಯೂಟದ ಬೆಲ್ ಆಯಿತು, ಅಲ್ಲೇ ನಿಂತಿದ್ದಳು. ಸಾಯಂಕಾಲ ನಾನು ಹೋದಾಗಲೂ ಹನ್ನೊಂದೂ ಚಿತ್ರ ಹಾಗೇ ಇದ್ದವು. ಅವಳ ಲೆಕ್ಕದಲ್ಲಿ ಬೆಳಿಗ್ಗೆ ಒಂಬತ್ತೂವರೆ. ಎತ್ತಿಕೊಂಡು ಮನೆಗೆ ತಂದೆ. ಚಡ್ಡಿ ಒದ್ದೆಯಾಗಿತ್ತು. ಮಂಗಳವಾರವೂ ಅದೇ. ಬುಧವಾರ ನಾನು ಸ್ಕ್ರೂಡ್ರೈವರ್ ತೆಗೆದುಕೊಂಡು ಹೋದೆ. ಹೆಡ್‌ಮಾಸ್ಟರು ಕೈ ಹಿಡಿದುಕೊಂಡರು. "ಸೋಮವಾರ ಫೋಟೋ ಕಳಿಸ್ಬೇಕು ಕಣಪ್ಪ. ನಂಗೆ ರಿಟೈರ್‌ಮೆಂಟಿಗೆ ಐದೇ ತಿಂಗ್ಳು. ಅಲ್ಲಿಗಂಟ ತಡ್ಕೋ." ಗೋಡೆಗಳ ಮೇಲೆ ಅಷ್ಟೆಲ್ಲ ಬರೆದವನು ಸ್ಕ್ರೂಡ್ರೈವರನ್ನು ಜೇಬಿಗಿಟ್ಟುಕೊಂಡು ವಾಪಸ್ಸು ಬಂದೆ.

ಗುರುವಾರ ನಾನು ಬಾಗಿಲಲ್ಲೇ ಇದ್ದೆ. ಬ್ಯಾಗು ನೇತುಹಾಕಿದಳು. ಗಾಜಿನ ಮುಂದೆ ಸ್ವಲ್ಪ ಹೊತ್ತು ನಿಂತಳು. ಅಳಲಿಲ್ಲ, ಕಿರುಚಲಿಲ್ಲ. ಅಂಗೈಯಿಂದ ಹೊಡೆದಳು, ಎರಡು ಸಲ. ಒಡೆದ ಜಾಗದಲ್ಲಿ ಕೈ ಹಾಕಿ ಬ್ಯಾಗಿನ ಕಾರ್ಡನ್ನು ಗೋಂದಿನ ಸಮೇತ ಕಿತ್ತಳು. ಬೀರುವಿನ ಪಕ್ಕಕ್ಕೆ ಹೋಗಿ ಡಬ್ಬಿಗೆ ಹಾಕಿದಳು. ಆಮೇಲೆ ಚಾಪೆಯ ಮೇಲೆ ಹೋಗಿ ಕೂತಳು, ಮುಂದಿನ ಕೆಲಸ ಅದೇ ಅಲ್ಲವೇ. ರಕ್ತ ಅಲ್ಲಿಂದ ಇಲ್ಲಿಯವರೆಗೆ ಇತ್ತು. ನಾನು ಓಡಲಿಲ್ಲ. ಓಡಬೇಕೆಂದು ಹೊಳೆಯಲಿಲ್ಲ. ಓಡಿದ್ದು ಮಿಸ್.

ತಮ್ಮ ಕಚೇರಿಯ ಪತ್ರ ಇದನ್ನು 'ಮಗುವು ಹಿಂಸಾತ್ಮಕ ವರ್ತನೆ ತೋರಿ ಶಾಲಾ ಆಸ್ತಿಗೆ ಹಾನಿ ಮಾಡಿರುತ್ತದೆ' ಎಂದು ಕರೆಯುತ್ತದೆ. ಶಾಲಾ ಆಸ್ತಿ ಯಾವುದು? ಗಾಜು ನನ್ನದು, ಮರ ನನ್ನದು, ಚಿತ್ರ ನನ್ನದು, ಕೈ ನನ್ನ ಮಗಳದು. ಹಾಗಾಗಿ 'ಮಗುವಿನ ಸುರಕ್ಷತೆಯ ಹಿತದೃಷ್ಟಿಯಿಂದ' ಅವಳಿಗೆ ಗೃಹಾಧಾರಿತ ಶಿಕ್ಷಣವಂತೆ. ವಾರಕ್ಕೊಂದು ದಿನ ಒಬ್ಬರು ಮನೆಗೆ ಬಂದು ಒಂದು ಗಂಟೆ ಇದ್ದು ಹೋಗುತ್ತಾರಂತೆ. ಉಳಿದ ಗಂಟೆಗಳು? ನನ್ನ ಹೆಂಡತಿ ಮಹಾಲಕ್ಷ್ಮಿ ಏಳೂವರೆಗೆ ಗಾರ್ಮೆಂಟ್ಸ್ ವ್ಯಾನು ಹತ್ತುತ್ತಾಳೆ. ನಾನು ಏಣಿ ಹತ್ತುತ್ತೇನೆ. ಮಗುವನ್ನು ಯಾವ ಬಾಗಿಲಿನ ಹಿಂದೆ ಚಿಲಕ ಹಾಕಿ ಹೋಗಬೇಕು ಎಂದು ಆ ಪತ್ರದಲ್ಲೇ ಸೂಚಿಸಿದ್ದರೆ ಅನುಕೂಲವಾಗುತ್ತಿತ್ತು. ಪಕ್ಕದ ಶಾಲೆಯಲ್ಲಿ ಕಲಿಯುವುದು ಇಂಥ ಮಕ್ಕಳ ಹಕ್ಕು ಎಂದು ಕಾಯ್ದೆ ಹೇಳುತ್ತದೆ. ಆ ಕಾಯ್ದೆಯ ಸಾಲುಗಳನ್ನು ನಾನೇ ತಮ್ಮ ಇಲಾಖೆಯ ಒಂದು ಗೋಡೆಗೆ ಬರೆದುಕೊಟ್ಟಿದ್ದೇನೆ, ಅಕ್ಷರ ಇನ್ನೂ ಮಾಸಿಲ್ಲ.

ಹೊಲಿಗೆ ಬಿಚ್ಚಿದ್ದಾರೆ. ಅವಳು ಬೆಳಿಗ್ಗೆ ಎದ್ದು ತಾನೇ ಯೂನಿಫಾರ್ಮು ಹಾಕಿಕೊಳ್ಳುತ್ತಾಳೆ, ಬ್ಯಾಗು ತಗಲಿಸಿಕೊಂಡು ಬಾಗಿಲಿಗೆ ಹೋಗಿ ನಿಲ್ಲುತ್ತಾಳೆ. ಶಾಲೆಗೆ ಸೇರಿಸಿಕೊಳ್ಳುವುದಿಲ್ಲ ಎನ್ನುವುದಕ್ಕೆ ನನ್ನ ಹತ್ತಿರ ಕಾರ್ಡಿಲ್ಲ, ಅದನ್ನು ಹೇಗೆ ಬರೆಯಬೇಕೋ ಗೊತ್ತಿಲ್ಲ. ಭಾನುವಾರದ ಕಾರ್ಡಿದೆ, ಬಾಗಿಲ ಪಕ್ಕ ಅದನ್ನು ಹಾಕುತ್ತೇನೆ. ನೋಡುತ್ತಾಳೆ, ಬ್ಯಾಗು ಇಳಿಸುತ್ತಾಳೆ. ಹನ್ನೆರಡು ದಿನದಿಂದ ನಮ್ಮ ಮನೆಯಲ್ಲಿ ಭಾನುವಾರ. ಮಹಾಲಕ್ಷ್ಮಿ ನಿನ್ನೆ ತಲೆ ಬಾಚುತ್ತಾ ಕೇಳಿದಳು, "ಅವ್ಳು ನಂಬೋದು ಅದೊಂದನ್ನೇ ಕಣ್ರೀ. ಅದ್ರಲ್ಲೂ ಸುಳ್ಳು ಹೇಳ್ತಿದೀರಲ್ಲ, ಇನ್ನೆಷ್ಟು ದಿನ?" ಈ ಪತ್ರವೇ ಉತ್ತರ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವುದಿಲ್ಲ. ಆ ಕೋಣೆಗೆ ಬಟ್ಟೆಯ ಪಟ್ಟಿಗಳು ಮತ್ತು ಡಬ್ಬಿ ವಾಪಸ್ಸು ಬರಬೇಕು. ರೂಪಶ್ರೀ ಮಿಸ್ ಮೇಲಿನ ನೋಟಿಸ್ ರದ್ದಾಗಬೇಕು, ರದ್ದಾದದ್ದು ಬರಹದಲ್ಲಿ ಬರಬೇಕು. ಏಕರೂಪ ಎನ್ನುವ ಪದವನ್ನು ಆ ಆರು ಮಕ್ಕಳ ಹತ್ತಿರಕ್ಕೆ ತರಬಾರದು. ಮುಂದೆ ತಪಾಸಣೆಗೆ ಬರುವವರು ಒಂಬತ್ತೂವರೆಗೆ ಬಂದು ಚಾಪೆಯ ಮೇಲೆ ಕೂತು ಕಡೆಯ ಕಾರ್ಡು ಬೀಳುವವರೆಗೆ ಏಳಬಾರದು.

ಬರುವ ಸೋಮವಾರ ನಮ್ಮ ಮನೆಯಲ್ಲೂ ಸೋಮವಾರ. ಬೆಳಿಗ್ಗೆ ಅವಳ ಕೈಯಿಂದಲೇ ಭಾನುವಾರವನ್ನು ಕೀಳಿಸಿ ಕರೆದುಕೊಂಡು ಬರುತ್ತೇನೆ. ಪುಟ್ಟರಂಗಯ್ಯನವರು ಮೊದಲ ಬಸ್ಸಿಗೇ ಬರುತ್ತಾರಂತೆ. ಒಂಬತ್ತೂವರೆಗೆ ನಾವು ಗೇಟಿನ ಮುಂದೆ ಇರುತ್ತೇವೆ. ಗೇಟು ತೆಗೆಸಿಡಿ. ಮುಚ್ಚಿದ್ದರೆ ಅವಳು ಅದರ ಮುಂದೆ ನಿಲ್ಲುತ್ತಾಳೆ, ಎಷ್ಟು ಹೊತ್ತು ನಿಲ್ಲಬಲ್ಲಳೆಂದು ನನಗೆ ಗೊತ್ತಿದೆ. ಈ ಸಲ ಅವಳ ಪಕ್ಕ ನಾನೂ ನಿಂತಿರುತ್ತೇನೆ.

ಇಂತಿ,
ತಮ್ಮ ಕಾಗದಕ್ಕೆ ಹಾಕದ ಸಹಿಯನ್ನು ಇಲ್ಲಿ ಹಾಕುತ್ತಿರುವ,
ಅಂಜನ್‌ಕುಮಾರ್
ಫಲಾನುಭವಿ ಸಂಖ್ಯೆ ನಾಲ್ಕರ ಅಪ್ಪ
ಉಪ್ಪಾರಹಳ್ಳಿ, ತುಮಕೂರು