ಹಳೇ ರಂಗಮಂದಿರಕ್ಕೊಂದು ಟಾಯ್ಲೆಟ್

ಮಾರ್ಚ್ 3
ಮಧ್ಯಾಹ್ನ ಮೂರು ಗಂಟೆಗೆ ಗೇಟು ಹಾಕಿದೆ. ಕೊನೆಗೆ ಬಂದ ಜರ್ಮನ್ ಹೆಂಗಸು ಟಾಯ್ಲೆಟ್ ಕೇಳಿದಳು. ಎಂದಿನಂತೆ ಆಲಿವ್ ಮರಗಳ ಕಡೆ ಕೈ ತೋರಿಸಿದೆ. ನಾಚಿಕೆ ನನಗೇ.

ಸಂಜೆ ಆಫೀಸಿನಿಂದ ಫೋನ್. ಈಸ್ಟರ್ ವಾರ ಮುಗಿಯುವುದರೊಳಗೆ ಟಾಯ್ಲೆಟ್ ಆಗದಿದ್ದರೆ ನಮ್ಮ ಪುರಾತನ ರಂಗಮಂದಿರಕ್ಕೆ ಬೀಗ. ಕಾವಲಿನವಳಾದ ನನಗೆ ಕೊಜಾನಿಯ ಮ್ಯೂಸಿಯಮ್ಮಿಗೆ ವರ್ಗ. ಸಮುದ್ರವೇ ಇಲ್ಲದ ಊರು. ಹೋಗುವುದಿಲ್ಲ. ಕಟ್ಟಿಸಿಯೇ ತೀರುತ್ತೇನೆ.

ಮಾರ್ಚ್ 11
ಊರಿನ ಗುತ್ತಿಗೆದಾರ ಪಂದಾಜಿಸ್ ಜೆಸಿಬಿ ತಂದ. ಗೇಟಿನ ಪಕ್ಕ ಮೊಣಕಾಲುದ್ದ ಅಗೆಯುವಷ್ಟರಲ್ಲಿ ಪುರಾತನ ಗೋಡೆ. ಕೆಲಸ ಬಂದ್.

"ನಿನ್ನ ಹಿರೀಕರು ಒಂದು ಗುಂಡಿ ತೋಡೋಕೂ ಜಾಗ ಬಿಟ್ಟಿಲ್ವಲ್ಲೇ ಅರೆತಿ," ಅಂದ. "ಇವರೆಲ್ಲ ಎಲ್ಲಿಗೆ ಹೋಗ್ತಿದ್ರೋ."

ತಮಾಷೆ ಅವನಿಗೆ.

ಮಾರ್ಚ್ 20
ಬಸ್ಸು ನಿಲ್ಲುವ ಕಡೆ ಅಗೆಸಿದೆ. ಸಮಾಧಿಗಳು! ಪುರಾತತ್ವ ಇಲಾಖೆಯ ದೆಲಿವೊರಿಯಾ ಮೇಡಂ ಖುಷಿಯಿಂದ ತಬ್ಬಿಕೊಂಡರು. ಅವರ ಭುಜದ ಮೇಲೆಯೇ ಅತ್ತುಬಿಟ್ಟೆ. ಆನಂದಬಾಷ್ಪ ಅಂದುಕೊಂಡರು.

ಮಾರ್ಚ್ 21
ಬೇಲಿಯಾಚೆ ಸಂತ ನಿಕೊಲಾಸರ ಚರ್ಚು. ಅಂಗಳದಲ್ಲಿ ಎರಡು ಟಾಯ್ಲೆಟ್, ಹಬ್ಬಕ್ಕೆ ಮಾತ್ರ ತೆರೆಯುವುದು. ಇಷ್ಟು ದಿನ ಯಾಕೆ ಹೊಳೆಯಲಿಲ್ಲ? ಆಫೀಸಿಗೆ ಫೋನ್ ಮಾಡಿದೆ. ಪಕ್ಕದ್ದಾದರೂ ನಡೆಯುತ್ತದೆ, ತೆರೆದಿರಬೇಕಷ್ಟೆ ಅಂದರು. ಪಾದ್ರಿ ಲಾಂಬ್ರೋಸರದೂ ಅಡ್ಡಿಯಿಲ್ಲ. ಆದರೆ ಕೀಲಿ ಇರುವುದು ಚರ್ಚು ನೋಡಿಕೊಳ್ಳುವ ಮುದುಕಿ ಗಾರುಫಲ್ಯಾ ದೊಡ್ಡಮ್ಮನ ಏಪ್ರನ್ ಜೇಬಿನಲ್ಲಿ. ಪಾದ್ರಿಗೂ ಅವಳೆಂದರೆ ಭಯ.

ಹೋಗಿ ಕೇಳಿದೆ. ಬೀನ್ಸ್ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ನಮ್ಮಪ್ಪನ ಹೊಲ ನುಂಗಿದ್ರಿ. ಈಗ ಪಾಯಖಾನೆನೂ ಬೇಕಾ?"

ನಿಜ. ರಂಗಮಂದಿರ ಸಿಕ್ಕಿದ್ದು ಅವರ ಹೊಲದಲ್ಲಿ. ಸರ್ಕಾರ ಬೇಲಿ ಹಾಕಿದ ಮೇಲೆ ಒಳಗೆ ಕಾಲಿಟ್ಟವಳಲ್ಲ. ನನಗೆ ಸಿಟ್ಟು ಬಂತು, ಪಾಪ ಅಂತಲೂ ಅನ್ನಿಸಿತು. ನಾಳೆಯೂ ಹೋಗುತ್ತೇನೆ.

ಏಪ್ರಿಲ್ 9
ದಿನವೂ ಹೋದೆ. ಈಗ ಕಾಫಿ ಕೊಡುತ್ತಾಳೆ, ಕೀಲಿ ಇಲ್ಲ. ಇವತ್ತು ಮನಸ್ಸು ಬಿಚ್ಚಿದಳು. ಗುಡ್ ಫ್ರೈಡೇ ಮೆರವಣಿಗೆಯಲ್ಲಿ ಕ್ರಿಸ್ತನನ್ನು ಮಲಗಿಸುವ ಮಂಟಪಕ್ಕೆ ಮೊದಲೆಲ್ಲ ಅಪ್ಪನ ಹೊಲದ ಹೂವೇ ಹೋಗುತ್ತಿತ್ತಂತೆ. ಈಗ ಅಂಗಡಿ ಹೂವು, ವಾಸನೆಯೇ ಇಲ್ಲ.

ರಂಗಮಂದಿರದಿಂದ ಒಂದು ಎಲೆಯನ್ನೂ ಒಯ್ಯುವಂತಿಲ್ಲ. ಬೋರ್ಡು ಬರೆದವಳೇ ನಾನು...

ಏಪ್ರಿಲ್ 17, ಮಧ್ಯಾಹ್ನ
ಮಂಟಪಕ್ಕೆ ಹೂ ಕೀಳಲಿ ಅಂತ ಗೇಟು ತೆರೆದುಬಿಟ್ಟೆ. ದೆಲಿವೊರಿಯಾ ಮೇಡಂಗೆ ಫೋನ್ ಮಾಡಿದೆ. ಅನುಮತಿ ಕೇಳಲಿಲ್ಲ, ಹೇಳಿದೆ ಅಷ್ಟೆ. ಹೂವೇನು ಪುರಾತನ ವಸ್ತುವೇ ಅಂತ ನಕ್ಕರು.

ಬುಟ್ಟಿ ಹಿಡಿದು ಹೆಂಗಸರು ಒಳಗೆ ಬಂದರು. ದೊಡ್ಡಮ್ಮ ಹೊರಗೇ ನಿಂತಳು. ನನಗೂ ಟಿಕೆಟ್ಟಾ ಅಂತ ಕೇಳಿದಳು.

"ನಿಮ್ಮ ಹೊಲ, ದೊಡ್ಡಮ್ಮ. ಬನ್ನಿ."

ಬಂದಳು. ಕಲ್ಲಿನ ಸಾಲುಗಳ ನಡುವೆ ಕಾಡು ಸೇವಂತಿಗೆ ಕಿತ್ತಳು. ಅಪ್ಪ ಇಲ್ಲೇ ಕೂತು ಬುತ್ತಿ ಬಿಚ್ಚುತ್ತಿದ್ದ, ಇದು ಬರೀ ಬಂಡೆ ಅಂದುಕೊಂಡಿದ್ದೆವು ಅಂದಳು. ಇಬ್ಬರೂ ಅತ್ತೆವು. ಕೀಲಿಯ ಮಾತು ಯಾರೂ ಎತ್ತಲಿಲ್ಲ.

ಏಪ್ರಿಲ್ 22
ಆಫೀಸಿನ ಸಾಹೇಬರು ಬಂದರು. ದೂರದ ದಾರಿ. ಕಾರಿಳಿದವರೇ ಮೊದಲು ಕೇಳಿದ್ದು — ಟಾಯ್ಲೆಟ್ ಎಲ್ಲಿ? ಅಭ್ಯಾಸಬಲದಿಂದ ಕೈ ಆಲಿವ್ ಮರಗಳ ಕಡೆ ಏಳುತ್ತಿತ್ತು.

ತಿರುಗಿದರೆ ಚರ್ಚಿನ ಗೇಟಿನಲ್ಲಿ ದೊಡ್ಡಮ್ಮ. ಕುರ್ಚಿ ಹಾಕಿಕೊಂಡು ಕೂತಿದ್ದಾಳೆ. ತೊಡೆಯ ಮೇಲೆ, ಚಡ್ಡಿಯಲ್ಲೇ ಚರ್ಚಿಗೆ ಬರುವ ಪ್ರವಾಸಿಗರಿಗೆ ಸುತ್ತಿಕೊಳ್ಳಲು ಬಟ್ಟೆಗಳ ರಾಶಿ. ಕೈಯಲ್ಲಿ ಕೀಲಿ. ಸಾಹೇಬರು ಕೈ ಚಾಚಿದರು.

"ಮೊದಲು ಆ ಹುಡುಗಿ ಇಲ್ಲೇ ಇರ್ತಾಳೆ ಅಂತ ಕಾಗದಕ್ಕೆ ಸೈನ್ ಹಾಕಿ," ಅಂದಳು. "ಆಮೇಲೆ ಕೀಲಿ."

ಕಾಗದ ತರಲು ಕಾರಿಗೆ ಓಡಿದ್ದಾರೆ. ಟಿಕೆಟ್ ಕಿಟಕಿಯಿಂದ ನೋಡುತ್ತಲೇ ಬರೆಯುತ್ತಿದ್ದೇನೆ. ಬಂದರು. ಪೆನ್ ಕೇಳುತ್ತಿದ್ದಾರೆ. ಇರುವುದು ಇದೊಂ—